ಸುಣ್ಣದಜ್ಜಿಗೆ ಗೌರವ ಮಾಡುವುದು ಹೇಗೆ?

ಸುತ್ತಿಗೆ ಮೂರನೇ ಏಟಿಗೆ ಮೇಲೆದ್ದಾಗ ಹಿಂದಿನಿಂದ ಯಾರೋ ಅದರ ಹಿಡಿಯನ್ನು ಗಟ್ಟಿಯಾಗಿ ಹಿಡಿದರು.

"ಹಾಗೆ ಹೊಡೀಬೇಡ ತಾಯಿ! ಸಿಮೆಂಟ್ ಜೊತೆ ಇಟ್ಟಿಗೆನೂ ಕಿತ್ಕೊಂಡು ಬರುತ್ತೆ."

ತನ್ನ ಹೊಲಿಗೆ ಅಂಗಡಿಯ ಗೋಡೆಯ ಸಿಮೆಂಟ್ ಒಡೆಯುತ್ತಿದ್ದ ಟೈಲರಕ್ಕ ತಿರುಗಿ ನೋಡಿದಳು. ಸುಣ್ಣದಜ್ಜಿ! ಈ ಬೀದಿಯ ಹಳೆಯ ಗೋಡೆಗಳಿಗೆ, ಕಮಾನುಗಳಿಗೆ ನಲವತ್ತು ವರ್ಷ ಸುಣ್ಣದ ಗಾರೆ ಹಚ್ಚಿದ ಕೈ ಅದು. ವಯಸ್ಸು ಎಪ್ಪತ್ತು ದಾಟಿದ್ದರೂ ಹಿಡಿತ ಮಾತ್ರ ಇಕ್ಕಳದ್ದು.

"ಇನ್ನೇನ್ ಮಾಡ್ಲಿ ಅಜ್ಜಿ? ನೀವೇ ನೋಡಿ."

ಟೈಲರಕ್ಕ ಗೋಡೆಗೆ ಒತ್ತಿ ನಿಂತಿದ್ದ ಕಪಾಟು ತೆರೆದಳು. ಶಾಲೆಯ ಸಮವಸ್ತ್ರಗಳ ಅಟ್ಟಿ. ಕೆಳಗಿನ ಏಳು ಅಂಗಿಗಳ ಮೇಲೆ ಬೂಷ್ಟು ಕಪ್ಪು ಚುಕ್ಕಿ ಇಟ್ಟಿತ್ತು.

"ಇನ್ನೊಂದ್ಸಲ ಬಟ್ಟೆ ಹಾಳಾದ್ರೆ ಹೊಲಿಯೋ ಕೆಲಸ ಬೇರೆಯವರಿಗೆ ಅಂದಿದ್ದಾರೆ ಶಾಲೆಯವರು. ಆಮೇಲೆ ಅಂಗಡಿ ಮುಚ್ಚಿ ಮನೇಲಿ ಕೂರ್ಬೇಕು ಅಷ್ಟೇ."

ಎರಡು ವರ್ಷದ ಹಿಂದೆ ಗೋಡೆಯಲ್ಲಿ ತೇವ ಇದ್ದದ್ದು ಮೊಣಕಾಲಿನ ಕೆಳಗೆ. ಸಿಮೆಂಟ್ ಬಳಿದ ಮೇಲೆ ಅದು ಎದೆಮಟ್ಟಕ್ಕೆ ಏರಿತ್ತು. ಬಳಿದದ್ದು ಅವಳ ಮೈದುನ. ಬೀದಿಯ ಸಂಘಕ್ಕೆ ಅವನೇ ಕಾರ್ಯದರ್ಶಿ. ಅವನು ಈಗಲೂ ಹೆಗಲ ಮೇಲೆ ಸಿಮೆಂಟ್ ಮೂಟೆ ಹೊತ್ತು ಒಳಗೆ ಬಂದ.

"ಅತ್ತಿಗೆ, ಈ ಸಲ ಎರಡು ಪಟ್ಟು ದಪ್ಪ ಬಳಿಯೋಣ. ನೀರು ಹೇಗೆ ಬರುತ್ತೋ ನೋಡೇಬಿಡ್ತೀನಿ!"

"ನೀರಿನ ಜೊತೆ ಕುಸ್ತಿಗೆ ಹೊರಟಿದ್ದೀಯೇನಪ್ಪಾ?" ಎಂದಳು ಅಜ್ಜಿ.

"ಅಜ್ಜಿ, ಸಿಮೆಂಟ್ ಅಂದ್ರೆ ಗಟ್ಟಿ. ಸುಣ್ಣ ನಿಮ್ಮ ಕಾಲದ್ದು."

"ಗಟ್ಟಿನೇ. ಅದೇ ಇಲ್ಲಿ ತೊಂದರೆ. ಗೋಡೆನೂ ನನ್ನ ಕಾಲದ್ದಲ್ವಾ?" ಅಜ್ಜಿ ಟೈಲರಕ್ಕನ ಕಡೆ ತಿರುಗಿದಳು. "ನೀನು ಹೇಳಮ್ಮ. ಮಳೆ ಕೋಟು ತೊಟ್ಕೊಂಡು ದಿನವಿಡೀ ಮೆಷಿನ್ ತುಳಿದ್ರೆ ಏನಾಗುತ್ತೆ?"

"ಒಳಗಿನ ಬಟ್ಟೆ ಬೆವರಿನಲ್ಲಿ ತೊಪ್ಪೆ ಆಗುತ್ತೆ."

"ಹಳೇ ಇಟ್ಟಿಗೆ ಗೋಡೆ ನೆಲದಿಂದ ತೇವ ಕುಡಿಯುತ್ತೆ. ಸುಣ್ಣದ ಗಾರೆ ಹತ್ತಿ ಬಟ್ಟೆ ಇದ್ದ ಹಾಗೆ, ತೇವನ ಹೊರಗೆ ಬಿಡುತ್ತೆ. ಸಿಮೆಂಟ್ ಮಳೆ ಕೋಟು. ದಾರಿ ಕಟ್ಟಿದ್ರೆ ತೇವ ಮೇಲಕ್ಕೇ ಹತ್ಬೇಕು ತಾನೆ?"

ಬಟ್ಟೆಯ ಮಾತು ಟೈಲರಕ್ಕನಿಗೆ ತಟ್ಟನೆ ಹಿಡಿಯಿತು. ಆದರೂ ಮನಸ್ಸು ಹಿಂದೆ ಮುಂದೆ ನೋಡಿತು.

"ಎಷ್ಟು ದಿನ ಬೇಕು ಅಜ್ಜಿ?"

"ಸುಳ್ಳು ಹೇಳಲ್ಲ. ಗೋಡೆ ಒಣಗೋಕೇ ತಿಂಗಳುಗಟ್ಟಲೆ ಬೇಕು. ಅಲ್ಲೀತನಕ ಬಟ್ಟೆ ನಮ್ಮನೇಲಿ ಇಡು."

"ತಿಂಗಳುಗಟ್ಟಲೆ!" ಮೈದುನ ಮೂಗು ಮುರಿದ. "ನಾನು ಎರಡು ದಿನದಲ್ಲಿ ಮುಗಿಸ್ತೀನಿ."

"ಹೋದ ಸಲವೂ ಎರಡೇ ದಿನದಲ್ಲಿ ಮುಗಿಸಿದ್ದೆ," ಎಂದಳು ಟೈಲರಕ್ಕ. "ಮೂಟೆ ವಾಪಸ್ ತಗೊಂಡ್ ಹೋಗು."

ಅಜ್ಜಿ ಮೊದಲು ಗೋಡೆ ಮುಟ್ಟಲೇ ಇಲ್ಲ. ಹೊರಗೆ ಹೋಗಿ ಮಾಳಿಗೆಯ ನೀರಿನ ಕೊಳವೆ ನೋಡಿದಳು. ಅದು ಒಡೆದು ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಅದನ್ನು ಸರಿಮಾಡಿಸಿದ ಮೇಲೆ ಚಿಕ್ಕ ಉಳಿಯಿಂದ ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಬಿಡಿಸಿದಳು. ಗೋಡೆ ಒಣಗಲು ಬಿಟ್ಟಳು. ಆಮೇಲೆ ತನ್ನ ಮನೆಯ ಹಿತ್ತಲ ಗುಂಡಿಯಲ್ಲಿ ನೆನೆದು ಬೆಣ್ಣೆಯಂತಾಗಿದ್ದ ಸುಣ್ಣಕ್ಕೆ ಮರಳು ಕಲಸಿ, ತೆಳ್ಳಗೆ ಒಂದು ಪದರ ಹಚ್ಚಿದಳು. ಅದು ಬಿಗಿದ ಮೇಲೆ ಇನ್ನೊಂದು.

"ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕ್ಕೋ. ಸುಣ್ಣ ಸುಡುತ್ತೆ," ಎಂದು ಟೈಲರಕ್ಕನ ಕೈಗೂ ಗಾರೆ ಹಚ್ಚುವ ಕರಣೆ ಕೊಟ್ಟಳು.

"ನಂಗೆ ಬರುತ್ತಾ ಅಜ್ಜಿ?"

"ಕಾಲರ್ ಕೂರಿಸೋ ಕೈಗೆ ಗಾರೆ ಯಾವ ಲೆಕ್ಕ? ನಾಲ್ಕು ವರ್ಷದಿಂದ ಯಾರೂ ನನ್ನ ಕರೆದಿಲ್ಲ ಕಣೇ. ಸುಣ್ಣದ ಗುಂಡಿ ಮುಚ್ಚಿಸಿಬಿಡೋಣ ಅಂದ್ಕೊಂಡಿದ್ದೆ."

ಮುಂದಿನ ಮಳೆಗಾಲ ಕಳೆಯಿತು. ಟೈಲರಕ್ಕ ಕಪಾಟಿನ ಹಿಂದೆ ಕೈಯಿಟ್ಟು ನೋಡಿದಳು. ಗೋಡೆ ಒಣಗಿತ್ತು. ಅಂಗಿಗಳೂ ಬೆಳ್ಳಗಿದ್ದವು. ಮೈದುನನೂ ಕದ್ದು ಮುಚ್ಚಿ ಒಮ್ಮೆ ಗೋಡೆ ಸವರಿ ಹೋದ.

ನಿಮ್ಮ ಬೀದಿಯಲ್ಲೂ ಸುಣ್ಣದ ಕೈ ಇರಬಹುದು. ಹಳೆಯ ಕಿಟಕಿಯ ಕೀಲು ಬಲ್ಲ ಬಡಗಿ ಇರಬಹುದು. ಬಿರುಕು ಬಿಟ್ಟ ಕಮಾನನ್ನು ಬೀಳದಂತೆ ನಿಲ್ಲಿಸಬಲ್ಲ ಮೇಸ್ತ್ರಿ ಇರಬಹುದು. ನಿಮ್ಮ ಹಳೆಯ ಬೀದಿ ಇಂದಿಗೂ ಚೆಂದವಾಗಿ ನಿಂತಿರುವುದು ಅವರಿಂದ. ಗೋಡೆ ಕೆಡವುವ ಮೊದಲು, ಸಿಮೆಂಟ್ ತರುವ ಮೊದಲು ಅವರನ್ನು ಕರೆಯಿರಿ. ಕೆಲಸಕ್ಕೆ ತಕ್ಕ ಕೂಲಿ ಕೊಡಿ. ಅವರ ಪಕ್ಕ ನಿಂತು ಕಲಿಯಿರಿ, ಮಕ್ಕಳಿಗೂ ಕಲಿಸಿ. ಅವರನ್ನು ಗೌರವಿಸಿ, ಖಂಡಿತ ಗೌರವಿಸಿ. ಆದರೆ ಹೇಗೆ ಎಂದು ಮೊದಲು ಅವರನ್ನೇ ಕೇಳಿ. ಈ ಬೀದಿಯ ಕಾರ್ಯದರ್ಶಿ ಕೇಳಲಿಲ್ಲ.

ಒಂದು ಬೆಳಿಗ್ಗೆ ಅವನು ಸಂಘದವರನ್ನೆಲ್ಲ ಕಟ್ಟಿಕೊಂಡು ಬಂದ. ಇಬ್ಬರು ಒಂದು ಕರಿಕಲ್ಲಿನ ಫಲಕ ಹೊತ್ತಿದ್ದರು. ಅದರ ಮೇಲೆ ಅಜ್ಜಿಯ ಹೆಸರು ಹೊಳೆಯುತ್ತಿತ್ತು. ಅವನ ಕೈಯಲ್ಲಿ ಡ್ರಿಲ್ಲು.

"ಅತ್ತಿಗೆ, ಅಜ್ಜಿ ಸರಿಮಾಡಿದ ಗೋಡೆ ಮೇಲೇ ಅಜ್ಜಿ ಹೆಸರು! ಹೇಗಿದೆ?"

ಮೆಷಿನ್ ನಿಂತಿತು. ಟೈಲರಕ್ಕ ಎದ್ದು ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ತೂತು ಕೊರೆಯೋಕೆ ಬಿಡಲ್ಲ."

"ನಾಲ್ಕೇ ನಾಲ್ಕು ತೂತು ಅತ್ತಿಗೆ!"

"ಒಂದೂ ಇಲ್ಲ."

"ಸರಿ ಬಿಡಿ, ಕೊರೆಯೋದೇ ಬೇಡ. ಅಂಟಿಸ್ತೀನಿ."

"ಯಾವುದ್ರಲ್ಲಿ?"

ಮೈದುನ ತಲೆ ಕೆರೆದುಕೊಂಡ. "ಅದೇ... ಸ್ವಲ್ಪ ಸಿಮೆಂಟ್..."

"ಬೇಡ ಅಂದ್ರೆ ಬೇಡ," ಎಂದಳು ಟೈಲರಕ್ಕ.