ಭಂಡಾರ ಹಚ್ಚಿದ ಕ್ಯಾಮೆರಾ

ಹೊಸ ಕ್ಯಾಮೆರಾ ಅಂಗಿಯ ಕಿಸೆಯಲ್ಲಿ ಕೂರುವಷ್ಟು ಚಿಕ್ಕದು. ಗುಡ್ಡ ಹತ್ತುವವರಿಗೆಂದೇ ಮಾಡಿದ್ದು ಎಂದು ಅಂಗಡಿಯವ ಹೇಳಿದ್ದ. ಯಮಕನಮರಡಿಯಲ್ಲಿ ಲಾರಿ ರಿಪೇರಿ ಮಾಡುವ ಯಲ್ಲಾರಿಗೆ ಸಕ್ಕರೆ ಕಾಯಿಲೆ ಹತ್ತಿಕೊಂಡು, ನಡೆಯಲೇಬೇಕೆಂದು ಡಾಕ್ಟರು ಗದರಿಸಿದ ಮೇಲೆ, ಅವನು ರವಿವಾರಕ್ಕೊಮ್ಮೆ ಹೆಂಡತಿಯ ತಮ್ಮ ಮಾಳುವನ್ನು ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದ. ಹತ್ತುತ್ತ ಹತ್ತುತ್ತ ಹುಚ್ಚು ಹಿಡಿಯಿತು. ಆ ಹುಚ್ಚಿಗೇ ಈ ಕ್ಯಾಮೆರಾ.

ಮನೆಗೆ ಹೊಸದೇನೇ ಬರಲಿ, ಹೆಂಡತಿ ಮಾಯವ್ವ ಅದಕ್ಕೆ ಮನೆದೇವರು ಮಾಳಿಂಗರಾಯನ ಭಂಡಾರ ಹಚ್ಚದೆ ಬಿಡುವವಳಲ್ಲ. ಫ್ಯಾನಿಗೆ, ಕುಕ್ಕರಿಗೆ, ಗಾಡಿಗೆ, ಎಲ್ಲಕ್ಕೂ ಆ ಅರಿಷಿಣದ ಪುಡಿ ಬಿದ್ದಿತ್ತು. ಕ್ಯಾಮೆರಾವನ್ನು ತಿರುಗಿಸಿ ನೋಡಿ ಮುಖ ಸಿಂಡರಿಸಿದಳು.

"ಇದು ಕಣ್ಣ ಮುಚಗೊಂಡ ಕುಂತೈತಿ. ಕಣ್ಣ ತಗಸ್ರಿ ಮೊದಲ."

ಯಲ್ಲಾರಿ ಗುಂಡಿ ಒತ್ತಿದ. ಕೊಳವೆಯೊಳಗಿಂದ ಕೊಳವೆ ಬಿಚ್ಚಿಕೊಂಡು ಲೆನ್ಸು ಹೊರಗೆ ಬಂತು. ಮಾಯವ್ವ ಅದರ ಸುತ್ತ ಭಂಡಾರ ಹಚ್ಚಿದಳು, ಮೇಲಿಷ್ಟು ಹಾರಿಸಿ ಕೈಮುಗಿದಳು.

ಮರುದಿನ ಬೆಳಗ್ಗೆ ಇಬ್ಬರೂ ಅಂಕಲಗಿಯ ಆಚೆಯ ಕಲ್ಲುಗುಡ್ಡ ಹತ್ತಿದರು. ಮಾಳು ಕೆಂಪು ಅಂಗಿ ತೊಟ್ಟು ಮುಂದೆ ಮುಂದೆ ಜಿಗಿಯುತ್ತಿದ್ದ.

"ಮಾಮಾ, ಇದು ತಂಬಾಕದ ಡಬ್ಬಿಯಂಗ ಐತಲ್ರಿ. ಸುಣ್ಣ ಎಲ್ಲಿ ಇಟ್ಟಾರ?"

"ನಗಬ್ಯಾಡ. ಆಚಿ ಗುಡ್ಡದಾಗಿನ ಎತ್ತಿನ ಕೋಡ ಕಾಣಸ್ತೈತಿ ಇದರಾಗ."

ಖರೆಯೇ ಕಾಣಿಸಿತು. ಕೋಡಷ್ಟೇ ಅಲ್ಲ, ಅದಕ್ಕೆ ಕಟ್ಟಿದ ಗೊಂಡೆಯೂ ಕಾಣಿಸಿತು. ಲೆನ್ಸು ಹೊರಬರುವಾಗ ಕರಕರ ಎಂದದ್ದನ್ನು ಯಲ್ಲಾರಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹೊಸದು, ಪಳಗಬೇಕು ಅಂದುಕೊಂಡ.

ತುದಿಗೆ ಬಂದಾಗ ಬಿಸಿಲು ಏರಿತ್ತು. ಕ್ಯಾಮೆರಾಕ್ಕೆ ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಹಿಂದೆ ಪರದೆ ಮಾತ್ರ. ಬಿಸಿಲಿಗೆ ಪರದೆಯಲ್ಲಿ ತನ್ನ ಮೂಗೇ ಕಾಣುತ್ತಿತ್ತು. ಮಾಳು ಒಂದು ಕಲ್ಲಿನ ಮೇಲೆ ನಿಂತಿದ್ದ.

"ಹಿಂದ ಸರಿ. ಪೂರಾ ಬರವಲ್ಲಿ."

"ಎಷ್ಟ ಸರೀಲ್ರಿ ಮಾಮಾ? ಗೋಕಾಕಕ್ಕ ಹೋಗ್ಲ್ಯಾ?"

"ಹೇಳಿದಷ್ಟ ಮಾಡ ಮಗನ. ಇನ್ನೊಂದೀಟ ಸರಿ."

ಕಲ್ಲು ಜಾರಿದ ಸದ್ದಾಯಿತು. ಯಲ್ಲಾರಿ ತಲೆ ಎತ್ತಿದ. ಅಲ್ಲಿ ಯಾರೂ ಇರಲಿಲ್ಲ.

ಅಂಚಿಗೆ ಓಡಿ ಬಗ್ಗಿದರೆ ಬಂಡೆ ಮುಂದಕ್ಕೆ ಚಾಚಿಕೊಂಡು ಕೆಳಗಿನದೇನೂ ಕಾಣದು. ಕೂಗಿದ, ಗಾಳಿ ನುಂಗಿತು. ಮೊಬೈಲಿನಲ್ಲಿ ರೇಂಜಿಲ್ಲ. ಪಕ್ಕದ ದಿನ್ನೆಗೆ ಓಡಿ ನೋಡಿದಾಗ, ದೂರದಲ್ಲಿ, ಗುಡ್ಡದ ಹೊಟ್ಟೆಯ ಒಂದು ಕಟ್ಟೆಯಂಥ ಕಲ್ಲಿನ ಮೇಲೆ ಕೆಂಪು ಅಂಗಿ ಬಿದ್ದಿತ್ತು. ಅಲುಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ.

ಹತ್ತಿರ ಮಾಡಿ ನೋಡಲೆಂದು ಕ್ಯಾಮೆರಾ ತೆಗೆದ. ಲೆನ್ಸು ಅರ್ಧ ಬಂದು ಗರಗರ ಎಂದು ಒಳಗೆ ಹೋಯಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಮೂಡಿ ಆರಿತು. ಮತ್ತೆ ಒತ್ತಿದ, ಮತ್ತೆ ಅದೇ. ಕೊಳವೆಗಳ ಸಂದಿಯಲ್ಲಿ ಹಳದಿ ಪುಡಿ ಗಟ್ಟಿಯಾಗಿ ಕೂತಿತ್ತು. ಹೆಂಡತಿಯನ್ನು ಬೈದ. ಗುಂಡಿ ಒತ್ತಿ ಕಣ್ಣು ತೆರೆಸಿಕೊಟ್ಟವನು ತಾನೇ ಎಂದು ನೆನಪಾಗಿ ತನ್ನನ್ನೂ ಬೈದುಕೊಂಡ. ಹೆಗಲ ಟವೆಲ್ಲಿನ ಅಂಚಿನಿಂದ ಒಂದು ಎಳೆ ಕಿತ್ತು, ಕ್ಯಾಮೆರಾ ಬೋರಲು ಹಿಡಿದು, ಸಂದಿಯಲ್ಲಿ ಎಳೆ ಆಡಿಸಿದ, ಊದಿದ, ಅಂಗೈಗೆ ತಟ್ಟಿದ. ದಿನಾ ಲಾರಿಯ ಎಂಜಿನ್ ಬಿಚ್ಚುವ ಕೈಯಿಂದ ಆ ಎಳೆ ಮೂರು ಸಲ ಜಾರಿ ಬಿತ್ತು.

ಕೊನೆಗೊಮ್ಮೆ ಲೆನ್ಸು ಸೊಟ್ಟಗೆ ಬಂದು ನಿಂತಿತು. ಟವೆಲ್ಲನ್ನು ತಲೆಯ ಮೇಲೆ ಮುಸುಕು ಹಾಕಿಕೊಂಡು, ಪರದೆ ನೋಡಿದ.

ಮಾಳುವಿನ ಕಣ್ಣು ತೆರೆದಿದ್ದವು. ಒಂದು ಕಾಲು ಇರಬಾರದ ಕಡೆಗೆ ಮಡಚಿತ್ತು. ಅವನ ಸುತ್ತ ಮೇಲಿನಿಂದ ಉರುಳಿದ ಕಲ್ಲುಗಳು. ಬಾಯಿ ಆಡುತ್ತಿತ್ತು, ಮಾತು ಕೇಳದು. ಅಂಗೈ ಮಾತ್ರ ಮೇಲಕ್ಕೆತ್ತಿ ಬೇಡ ಬೇಡ ಎಂದು ತಳ್ಳುತ್ತಿದ್ದ. ಆಮೇಲೆ ಬೆರಳು ಕೆಳಗಿನ ವಸ್ತಿಯ, ಹೊಲದ ನಡುವಿನ ನಾಲ್ಕು ಮನೆಗಳ ಕಡೆಗೆ ತಿರುಗಿತು. ಇಷ್ಟು ತೋರಿಸಿ ಕ್ಯಾಮೆರಾ ಕಿರ್ ಎಂದು ಸತ್ತಿತು.

ಯಲ್ಲಾರಿಯ ಕಾಲು ಆಗಲೇ ಮಾಳು ಬಿದ್ದ ಕಡೆಯ ಇಳಿಜಾರಿಗೆ ಇಳಿದಿದ್ದವು. ಇಳಿದರೆ ಕಲ್ಲು ಮಾಳುವಿನ ಮೇಲೆಯೇ ಬೀಳುತ್ತವೆ. ಇಳಿಯದಿದ್ದರೆ ಅವನನ್ನು ಒಬ್ಬನನ್ನೇ ಬಿಟ್ಟು ಬೆನ್ನು ತಿರುಗಿಸಬೇಕು. ಮಾಯವ್ವನಿಗೆ ಯಾವ ಬಾಯಿಂದ ಹೇಳುವುದು? ಬಂಡೆಗೆ ಹಣೆ ಚಚ್ಚಿಕೊಂಡ. ಆಮೇಲೆ ಬೆನ್ನು ತಿರುಗಿಸಿ ವಸ್ತಿಯತ್ತ ಓಡಿದ. ಬಿದ್ದ, ಎದ್ದ, ಮತ್ತೆ ಓಡಿದ.

ವಸ್ತಿಯ ಮಂದಿ ಬಾವಿಯ ಹಗ್ಗ ಹೊತ್ತು ಬಂದರು. ಬಾವಿ ತೋಡುವ ಹಣಮಂತ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತ ಕೇಳಿದ, "ಹೆಂಗ ಬಿದ್ದಾ?"

"ನಾನ ಹಿಂದ ಸರಿ ಅಂದೆ."

ಹಣಮಂತ ಕಲ್ಲು ಉರುಳದ ಕಡೆಯಿಂದ ಓರೆಯಾಗಿ ಇಳಿದ. ಹಗ್ಗ ಸರಿಯುತ್ತ ಹೋಗಿ ನಿಂತಿತು. ನಿಂತೇ ಇತ್ತು.

"ಜೀವ ಐತಿ," ಎಂಬ ಕೂಗು ಬಂತು. "ಕಾಲ ಮುರದೈತಿ. ಕಟ್ಟೇನಿ, ಮೆಲ್ಲಕ ಎಳೀರಿ."

ಯಲ್ಲಾರಿ ಹಗ್ಗದ ಮುಂದಿನ ತುದಿಗೆ ನಿಂತ. ಅಂಗೈಯ ಚರ್ಮ ಕಿತ್ತಿತ್ತು. "ನೀವ ಬಿಡ್ರಿ ಅಣ್ಣಾರ, ನಾವ ಎಳೀತೇವಿ," ಎಂದರು ವಸ್ತಿಯವರು. ಅವನು ಬಿಡಲಿಲ್ಲ. ಒಂದೊಂದು ಜಗ್ಗಿಗೂ ಕೆಳಗಿನಿಂದ ನರಳಾಟ ಕೇಳುತ್ತಿತ್ತು. ನಡುವೆ ಅದೂ ನಿಂತಿತು.

"ಮಾಳ್ಯಾ, ಬೈಯೋ ನನಗ. ಏನರ ಬೈಯೋ."

ಎಷ್ಟೋ ಹೊತ್ತಿನ ಮೇಲೆ ಕ್ಷೀಣವಾದ ದನಿ ಬಂತು.

"ಬೈತೀನಿ ಮಾಮಾ. ಮೊದಲ ಎಳೀರಿ."

ಯಲ್ಲಾರಿ ಎಳೆದ.