ಸೀಟಿನಡಿ ಸೇರಿದ್ದ ಕೆಂಪು ಸಿಲಿಂಡರ್

ದೋಣಿ ಅಂದಮೇಲೆ ಜಾಗದ ತಾಪತ್ರಯ ಇದ್ದದ್ದೇ. ಹಗ್ಗ ಎಲ್ಲಿಡೋದು, ಬಕೆಟ್ ಎಲ್ಲಿಡೋದು, ಬಂದವರ ಬ್ಯಾಗು ಎಲ್ಲಿಡೋದು? ನಾನು ಕೆರೆಯಲ್ಲಿ ಎಂಟು ಜನ ಕೂರುವ ಮೋಟಾರ್ ದೋಣಿ ಓಡಿಸುತ್ತೇನೆ. ಜನರನ್ನು ಅರ್ಧ ಗಂಟೆ ಸುತ್ತಾಡಿಸಿ ಕರೆತರುವುದು ನನ್ನ ಕೆಲಸ. ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಹಿಂದಿನ ಸೀಟಿನಡಿ ತುರುಕಿ, ಮೇಲೆ ಟಾರ್ಪಾಲು ಹಾಕಿ ಮರೆತೇಬಿಟ್ಟಿದ್ದೆ. ಸುತ್ತ ಇಷ್ಟೊಂದು ನೀರಿರುವಾಗ ಬೆಂಕಿಗೆ ಹೆದರೋದ್ಯಾಕೆ ಅನ್ನೋದು ನನ್ನ ವಾದ.

ನನ್ನ ನಾದಿನಿ ಇಂಥ ಸಿಲಿಂಡರ್‌ಗಳನ್ನು ಪರೀಕ್ಷಿಸಿ, ತುಂಬಿಸಿ ಕೊಡುವ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ಮಾತು ಕಡಿಮೆ, ಕೈ ಮಾತ್ರ ಸುಮ್ಮನಿರೋದಿಲ್ಲ. ಒಂದು ರಜಾದಿನ ಅಕ್ಕನನ್ನು, ಅಂದರೆ ನನ್ನ ಹೆಂಡತಿಯನ್ನು, ನೋಡೋಕೆ ಬಂದವಳು ಸೀದಾ ದೋಣಿಗೆ ಇಳಿದಳು.

“ಭಾವ, ಸಿಲಿಂಡರ್ ಎಲ್ಲಿ?”

“ಹಾಯಾಗಿ ಮಲಗಿದೆಯಮ್ಮ. ಎಬ್ಬಿಸಬೇಡ.”

ಅವಳು ಬಗ್ಗಿ, ಟಾರ್ಪಾಲು ಎಳೆದು, ಹಗ್ಗದ ಸಿಕ್ಕು ಬಿಡಿಸಿ ಅದನ್ನು ಹೊರಗೆ ತೆಗೆಯುವಷ್ಟರಲ್ಲಿ ಎರಡು ನಿಮಿಷ ಆಯ್ತು.

“ಅಷ್ಟು ಹೊತ್ತು ಬೆಂಕಿ ನಿಮಗೋಸ್ಕರ ಕಾಯುತ್ತಾ, ಭಾವ?”

ನಾನು ಬಿಡಲಿಲ್ಲ. ಗೇಜ್ ತೋರಿಸಿದೆ. “ನೋಡು, ಮುಳ್ಳು ಹಸಿರಲ್ಲೇ ಇದೆ. ಮುಗೀತಲ್ಲ?”

“ಗೇಜು ಒಳಗಿನ ಒತ್ತಡ ಎಷ್ಟಿದೆ ಅಂತಷ್ಟೇ ಹೇಳುತ್ತೆ.”

ಅವಳು ಪಕ್ಕದಲ್ಲೇ ನಿಂತಿದ್ದ ಅಕ್ಕನ ತಲೆಯಿಂದ ಹೇರ್‌ಪಿನ್ ಕಿತ್ತು ಸಿಲಿಂಡರಿನ ಮೂತಿಯೊಳಗೆ ತಿರುವಿದಳು. ಒಣಮಣ್ಣಿನ ಉಂಡೆಯೊಂದು ಉದುರಿತು. ಕಣಜದ ಹುಳ ಒಳಗೇ ಮನೆ ಮಾಡಿಕೊಂಡಿತ್ತು! ಆಮೇಲೆ ತಳ ತೋರಿಸಿದಳು. ಸೀಟಿನಡಿ ನಿಂತ ನೀರಿಗೆ ತುಕ್ಕು ಹಿಡಿದು, ಉಗುರು ತಾಗಿಸಿದರೆ ಹಕ್ಕಳೆ ಏಳುತ್ತಿತ್ತು. ಪಿನ್ನಿನ ಸೀಲು ಹರಿದಿತ್ತು. ಚೀಟಿಯಲ್ಲಿದ್ದ ತಾರೀಖು ಅಳಿಸಿಹೋಗಿತ್ತು.

“ಕೊನೇ ಸಲ ಯಾವಾಗ ಪರೀಕ್ಷೆ ಮಾಡಿಸಿದ್ದು?”

“ನೆನಪಿದ್ದರೆ ತಾನೇ!” ಅಂದೆ.

“ಇದನ್ನ ಒತ್ತಿದರೆ ಕೈಯಲ್ಲೇ ಒಡೆದರೂ ಒಡೆಯಬಹುದು. ಇನ್ನು ಇದು ಬೇಡ,” ಅಂದಳು.

“ಹೋಗ್ಲಿ ಬಿಡು, ಬೆಂಕಿ ಹತ್ತಿದರೆ ಒಂದು ಬಕೆಟ್ ನೀರು ಹೊಡೆದರಾಯ್ತು.”

“ಪೆಟ್ರೋಲು ನೀರಿನ ಮೇಲೆ ತೇಲುತ್ತೆ, ಭಾವ. ನೀರು ಹೊಡೆದರೆ ಉರಿ ದೋಣಿ ತುಂಬ ಹರಿದಾಡುತ್ತೆ. ಅದಕ್ಕೇ ಪುಡಿ ತುಂಬಿದ ಸಿಲಿಂಡರ್ ಬೇಕು.”

ಮರುವಾರ ಹೊಸದನ್ನು ತಂದು ಸ್ಟಿಯರಿಂಗ್ ಪಕ್ಕ, ಎಂಜಿನ್ನಿಂದ ದೂರ, ಕೈಗೆ ಸಿಗುವಂತೆ ತಾನೇ ಪಟ್ಟಿ ಹೊಡೆದು ಕೂರಿಸಿದಳು. ವರ್ಕ್‌ಶಾಪಿನ ಇನ್ನೊಂದು ಸಿಲಿಂಡರ್ ಕೊಟ್ಟು ದಡದಲ್ಲಿ ಅಭ್ಯಾಸ ಬೇರೆ. ಪಿನ್ ಎಳಿ, ಬೆಂಕಿಯ ಬುಡಕ್ಕೆ ಗುರಿಯಿಡು, ಒತ್ತು, ಆ ಕಡೆ ಈ ಕಡೆ ಬೀಸು. ನನ್ನ ಹೆಂಡತಿ ಮೂರು ಸಲ ಮಾಡಿದಳು. ನಾನು “ಒಳ್ಳೇ ಕವಾಯತು” ಅಂತ ನಗುತ್ತಾ ನಿಂತಿದ್ದೆ.

ಎರಡು ತಿಂಗಳಾಗಿರಬೇಕು. ಮಧ್ಯಾಹ್ನ, ದೋಣಿಯಲ್ಲಿ ಆರು ಜನ. ಅದರಲ್ಲಿ ಒಬ್ಬ ಅಜ್ಜಿ, ಇಬ್ಬರು ಮೊಮ್ಮಕ್ಕಳು. ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ ನನ್ನ ಹೆಂಡತಿಯೂ ಹತ್ತಿದ್ದಳು. ಕೆರೆಯ ನಡುವೆ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಏನು ಅಂತ ತಿರುಗುವಷ್ಟರಲ್ಲಿ ಎಂಜಿನ್ ಪೆಟ್ಟಿಗೆಯ ಸಂದಿಯಿಂದ ಭಗ್ ಅಂತ ಉರಿ ಎದ್ದಿತು. ನನ್ನ ಕೈಕಾಲು ಆಡಲಿಲ್ಲ.

“ರೀ, ಎಂಜಿನ್ ಆಫ್ ಮಾಡಿ! ಪೆಟ್ರೋಲಿನ ನಲ್ಲಿ ಮುಚ್ಚಿ!” ಹೆಂಡತಿ ಕೂಗಿದಾಗಲೇ ನನಗೆ ಎಚ್ಚರ. ನಾನು ಎರಡನ್ನೂ ಮಾಡುತ್ತಿರುವಾಗ ಬಂದವರಲ್ಲೊಬ್ಬರು ಎಂಜಿನ್ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದರು. “ಎಲ್ಲರೂ ಮುಂದಕ್ಕೆ ಬನ್ನಿ. ಅಣ್ಣಾ, ಮುಚ್ಚಳ ಮುಟ್ಟಬೇಡಿ, ಗಾಳಿ ಸಿಕ್ಕರೆ ಉರಿ ಜಾಸ್ತಿಯಾಗುತ್ತೆ!”

ಸಿಲಿಂಡರ್ ಅವಳ ಕೈಯಲ್ಲಿತ್ತು. ಪಿನ್ ಎಳೆದಳು. ಪೆಟ್ಟಿಗೆಯ ಕಿಂಡಿಗೆ ಮೂತಿಯಿಟ್ಟು ಒತ್ತಿದಳು. ಬಿಳಿಪುಡಿ ಬುಸ್ಸೆಂದು ಒಳಗೆ ನುಗ್ಗಿತು. ನಾವೆಲ್ಲ ಕೆಮ್ಮುತ್ತಿದ್ದೆವು, ಮಕ್ಕಳು ಅಳುತ್ತಿದ್ದವು. ಹೊಗೆ ತಿಳಿಯಾದಾಗ ಉರಿ ಇರಲಿಲ್ಲ. ಆದರೂ ಅವಳು ಗುರಿ ಬದಲಿಸದೆ ನಿಂತೇ ಇದ್ದಳು, ಮತ್ತೆ ಹೊತ್ತಿಕೊಂಡೀತು ಅಂತ. ಪಕ್ಕದ ದೋಣಿ ಬಂದು ನಮ್ಮನ್ನು ಹಗ್ಗ ಕಟ್ಟಿ ಎಳೆಯತೊಡಗಿದ ಮೇಲೆಯೇ ಕೂತದ್ದು. ಅಜ್ಜಿ ಅವಳ ಮುಖದ ಪುಡಿ ಒರೆಸಿ, “ನಮ್ಮ ಮಕ್ಕಳನ್ನ ಉಳಿಸಿದೆಯಲ್ಲೇ ತಾಯಿ,” ಅಂದರು.

ದಡ ಸೇರಿ ನಾದಿನಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

“ಎಲ್ಲರೂ ಚೆನ್ನಾಗಿದ್ದಾರಲ್ಲ? ಅಷ್ಟು ಸಾಕು, ಭಾವ. ಎಂಜಿನ್ನಿನ ಪೆಟ್ರೋಲ್ ಪೈಪು ಮೆಕ್ಯಾನಿಕ್‌ಗೆ ತೋರಿಸಿ. ಸಿಲಿಂಡರ್ ನನಗೆ ತಂದುಕೊಡಿ. ಒಂದು ಸಲ ಒತ್ತಿದ ಮೇಲೆ ಮತ್ತೆ ತುಂಬಿಸದೆ ದೋಣಿ ನೀರಿಗಿಳಿಯೋ ಹಾಗಿಲ್ಲ.”

ಜಂಬವಿಲ್ಲ, ಚುಚ್ಚುಮಾತಿಲ್ಲ. ಅಕ್ಕ ತಂಗಿ ಇಬ್ಬರೂ ಅಂಥವರು. ಅವತ್ತು ಎಂಟು ಜೀವ ಉಳಿದದ್ದು ಅವರಿಂದ. ಮೆಕ್ಯಾನಿಕ್ ಬಂದು ನೋಡಿದ, ಒಳಗೆ ಪೆಟ್ರೋಲ್ ಪೈಪು ಬಿರುಕು ಬಿಟ್ಟಿತ್ತಂತೆ. ಅದನ್ನೂ ನಾನು ನೋಡಿರಲಿಲ್ಲ.

ದೋಣಿ ಇಟ್ಟುಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ, ಇವತ್ತೇ ಸಿಲಿಂಡರನ್ನು ಕೈಗೆತ್ತಿಕೊಳ್ಳಿ. ತಿಂಗಳಿಗೊಮ್ಮೆ ಮುಳ್ಳು, ಪಿನ್ನು, ಸೀಲು, ಮೂತಿ, ತಳದ ತುಕ್ಕು ಎಲ್ಲ ನೋಡಿ. ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಿ. ದೋಣಿಯಲ್ಲಿ ಒಬ್ಬರಿಗಲ್ಲ, ಇಬ್ಬರಿಗಾದರೂ ಅದನ್ನು ಬಳಸಲು ಗೊತ್ತಿರಲಿ. ಸುತ್ತಾಡಲು ಬರುವವರೇ, ಹತ್ತುವ ಮುಂಚೆ ‘ಅದನ್ನೊಮ್ಮೆ ತೋರಿಸಪ್ಪ’ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವನ ದೋಣಿ ಹತ್ತಬೇಡಿ, ಅದು ನನ್ನದೇ ಆಗಿದ್ದರೂ ಸರಿ.