ಪಡಸಾಲೆ ತೆರೆಯುತ್ತಿಲ್ಲ

ತೇಜಸ್ವಿನಿ ಮತ್ತೊಮ್ಮೆ ರಿಫ್ರೆಶ್ ಒತ್ತಿದಳು. ಫೋನಿನ ಪರದೆ ಬೆಳ್ಳಗಾಯಿತು, ನಡುವೆ ಚಕ್ರ ಸುತ್ತಿತು, ಪುಟ ಸಿಗುತ್ತಿಲ್ಲ ಎಂಬ ಅದೇ ಮಾತು ಬಂತು. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಹಿಂದೆ ಯಾರೋ ಚಹಾ ಸೋಸುತ್ತಿದ್ದರು, ಮುಂದೆ ಹಾಲಿನ ತುಂಬ ಜನ, ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ರಾಶಿ.

"ಅಮ್ಮಾ, ಇಟ್ಸ್ ಸ್ಟಿಲ್ ನಾಟ್ ಓಪನಿಂಗ್."

ಸಂಧ್ಯಾರಾಣಿ ಮಗಳ ಮುಖ ನೋಡಿದಳು. ಗುರುವಾರ ಸಂಜೆ ನಾರ್ತ್ ಸಿಡ್ನಿಯ ಆಫೀಸು ಮುಗಿಸಿ ಪೆಂಡಲ್ ಹಿಲ್‌ನ ಮನೆಗೆ ಬರುತ್ತಿದ್ದ ಅವಳ ಗಂಡ ವಿರುಪಾಕ್ಷ ರೈಲಿನಲ್ಲೇ ಎದೆ ಹಿಡಿದುಕೊಂಡು ಕಿಟಕಿಗೆ ಒರಗಿದ್ದ. ಇವತ್ತು ಸೋಮವಾರ, ಮಧ್ಯಾಹ್ನ ಎರಡಕ್ಕೆ ಮಣ್ಣು. ಗುರುವಾರದಿಂದ ಅವಳು ಒಂದು ಗಳಿಗೆಯೂ ಕಣ್ಣು ಮುಚ್ಚಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಮನೆಯಲ್ಲಿ ಏನೋ ಸರಿ ಇಲ್ಲ ಅನ್ನಿಸುತ್ತಲೇ ಇತ್ತು. ಗಂಡ ಹೋದ ಮನೆಯಲ್ಲಿ ಇನ್ನೇನು ಸರಿ ಇರುತ್ತದೆ ಎಂದು ತನಗೆ ತಾನೇ ಸಿಡುಕಿಕೊಂಡಿದ್ದಳು.

ತೆರೆಯದೆ ಸತಾಯಿಸುತ್ತಿದ್ದದ್ದು ವಿರುಪಾಕ್ಷನ ವೆಬ್‌ಸೈಟು. ಹೆಸರು 'ಪಡಸಾಲೆ'. ಓದಲು ಮೆಲ್ಬರ್ನ್‌ಗೆ ಬಂದಾಗ ಶುರು ಮಾಡಿದ್ದನ್ನು ಮೊನ್ನೆಯವರೆಗೂ ಬಿಟ್ಟಿರಲಿಲ್ಲ. ಅದರಲ್ಲಿ ಇಂಥದ್ದೇ ಅಂತಿರಲಿಲ್ಲ. ಎದುರು ಸೀಟಿನವನು ಕಿತ್ತಳೆ ಸುಲಿದಾಗ ಬೋಗಿಯವರೆಲ್ಲ ಫೋನು ಬಿಟ್ಟು ತಲೆ ಎತ್ತಿದ್ದು, ಹಾರ್ಬರ್ ಬ್ರಿಡ್ಜ್ ಮೇಲೆ ಹತ್ತಿದೊಡನೆ ರೈಲಿನ ಲಯ ಬದಲಾಗುವುದು, ಬ್ಲ್ಯಾಕ್‌ಟೌನ್ ಪ್ಲಾಟ್‌ಫಾರ್ಮಿನಲ್ಲಿ ಐದು ಭಾಷೆಯಲ್ಲಿ ಒಂದೇ ಜಗಳ. ಜೊತೆಗೆ ಭಾನುವಾರ ತಾನು ನುಡಿಸಿದ ಹಾರ್ಮೋನಿಯಂ. ಅವನೇನು ದೊಡ್ಡ ಕಲಾವಿದನಲ್ಲ. ಧಾರವಾಡದಲ್ಲಿ ನಾಲ್ಕು ವರ್ಷ ಕಲಿತಿದ್ದ, ಅಷ್ಟೇ. ಪ್ರತಿ ರೆಕಾರ್ಡಿಂಗಿನ ಕೆಳಗೂ 'ತಪ್ಪುಗಳು ಸ್ವಂತದವು' ಎಂದು ಬರೆದಿರುತ್ತಿದ್ದ.

ಸಂಧ್ಯಾರಾಣಿ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಒಂದು ಯುಗಾದಿ ಊಟದಲ್ಲಿ ಯಾರೋ ಬಂದು, ನಿಮ್ಮ ದನಿಯನ್ನೂ ಪಡಸಾಲೆಯಲ್ಲಿ ಕೇಳಿದೆವು, ಎಷ್ಟು ಚೆನ್ನಾಗಿ ಬೈತೀರಿ ಎಂದು ನಕ್ಕಿದ್ದರು. ಅವತ್ತು ಮನೆಗೆ ಬಂದು ದೊಡ್ಡ ರಾದ್ಧಾಂತವೇ ಆಯಿತು. ಮೊದಲು ಅದನ್ನು ತೆಗೀರಿ, ಆಮೇಲೆ ಊಟ ಎಂದಳು. ಮರುದಿನ ಅವನು ತೆಗೆದೇನಿ ಎಂದ. ಅವಳು ಅತ್ತ ತಿರುಗಿಯೂ ನೋಡಿರಲಿಲ್ಲ.

ಈಗ ಆ ಸವತಿಯೇ ಬೇಕಾಗಿತ್ತು. ಸ್ಮಶಾನದ ಚಾಪೆಲ್‌ನವರು ಒಂದು ಹಾಡು ಕೇಳಿದ್ದರು. ಈ ದೇಶದಲ್ಲಿ ಅದೊಂದು ಕ್ರಮ. ಮಾತೆಲ್ಲ ಮುಗಿದ ಮೇಲೆ ಬಂದವರೆಲ್ಲ ಸುಮ್ಮನೆ ಕೂತು ಹೋದವನಿಗೆ ಇಷ್ಟವಾದದ್ದನ್ನು ಕೇಳಬೇಕು. ನಿಮ್ಮದು ಇಲ್ಲದಿದ್ದರೂ ಚಿಂತೆಯಿಲ್ಲ, ನಮ್ಮಲ್ಲಿ ಕೊಳಲಿನದೊಂದಿದೆ, ಇಂಡಿಯನ್ ಫ್ಯಾಮಿಲಿಗಳಿಗೆಲ್ಲ ಅದನ್ನೇ ಹಾಕುತ್ತೇವೆ ಎಂದು ಅಲ್ಲಿಯ ಹೆಂಗಸು ಮೆತ್ತಗೆ ಹೇಳಿದ್ದಳು. ತೇಜಸ್ವಿನಿಗೆ ಮೈಯೆಲ್ಲ ಉರಿದುಹೋಗಿತ್ತು. ಅಪ್ಪ ನುಡಿಸಿದ್ದೇ ಆಗಬೇಕು, ಅದರಲ್ಲೂ ಆ ಭೀಮಪಲಾಸ್ ರಾಗವೇ ಆಗಬೇಕು ಎಂದು ಹಟ ಹಿಡಿದಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಯೂನಿವರ್ಸಿಟಿಗೆ ಹೋಗುವ ರೈಲಿನಲ್ಲಿ ಕೇಳಿ ಕೇಳಿ, ಮೇಲಿನಿಂದ ಎಷ್ಟನೆಯದು ಎಂದಷ್ಟೇ ಗೊತ್ತಿತ್ತು. ಅಪ್ಪನ ಫೋನು ಜಾಲಾಡಿದ್ದಾಯಿತು. ಲ್ಯಾಪ್‌ಟಾಪಿನಲ್ಲಿ ಆಫೀಸಿನ ಕೆಲಸ ಬಿಟ್ಟು ಮತ್ತೇನೂ ಇರಲಿಲ್ಲ. ಇದ್ದದ್ದೆಲ್ಲ ಪಡಸಾಲೆಯಲ್ಲಿ, ಪಡಸಾಲೆ ಶುಕ್ರವಾರದಿಂದ ಮುಚ್ಚಿತ್ತು.

ಹಾಲಿನಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಐಟಿಯವರು. ಒಬ್ಬೊಬ್ಬರದು ಒಂದೊಂದು ರೋಗನಿರ್ಣಯ. ಯಾರೋ ಹ್ಯಾಕ್ ಆಗಿದೆ ಅಂದರು, ಯಾರೋ ಹೆಸರಿನ ನೋಂದಣಿ ಮುಗಿದಿದೆ ಅಂದರು. ವಿರುಪಾಕ್ಷನ ಪಕ್ಕದ ಡೆಸ್ಕಿನಲ್ಲಿ ಕೂರುತ್ತಿದ್ದ ಸುಧನ್ವ ಮಾತ್ರ ಎದ್ದು ಬಂದ.

"ಯಾವ ಕಂಪನೀಲಿ ಹೋಸ್ಟ್ ಮಾಡಿದ್ರು ಅಂತ ಗೊತ್ತಾದ್ರೆ ನಾನೇ ಕಾಲ್ ಮಾಡ್ತೀನಿ ಆಂಟಿ. ಅರ್ಧ ಗಂಟೆ ಕೆಲ್ಸ."

ಅದರ ಸಂಸಾರ ತನಗೇನು ಗೊತ್ತು ಎಂದಳು ಸಂಧ್ಯಾರಾಣಿ.

ಮೂಲೆಯಲ್ಲಿ ಫೋಟೋ ಕಾವಲಿಗೆ ಕೂತಿದ್ದ ಚನ್ನಕ್ಕ ಇಷ್ಟಕ್ಕೆಲ್ಲ ಮುಖ ಗಂಟಿಕ್ಕಿದಳು. ಅವಳು ವಿರುಪಾಕ್ಷನ ಅಕ್ಕ. ಸುದ್ದಿ ಗೊತ್ತಾದೊಡನೆ ಬ್ಲ್ಯಾಕ್‌ಟೌನ್‌ನಿಂದ ಬಂದವಳು ಮನೆಯ ಯಜಮಾನಿಕೆಯನ್ನೆಲ್ಲ ಕೈಗೆ ತೆಗೆದುಕೊಂಡಿದ್ದಳು. ಮೊದಲ ರಾತ್ರಿ ತಮ್ಮನ ಫೋಟೋದ ಮುಂದೆ ಎಣ್ಣೆ ದೀಪ, ಊದಿನಕಡ್ಡಿ ಹಚ್ಚಿದ್ದಕ್ಕೆ ಸ್ಮೋಕ್ ಅಲಾರ್ಮ್ ಕೂಗಿಕೊಂಡು ಇಡೀ ಬೀದಿಯೇ ಎದ್ದಿತ್ತು. ಮರುದಿನ ಪೆಂಡಲ್ ಹಿಲ್ ಸ್ಟೇಷನ್ ಎದುರಿನ ಅಂಗಡಿಯಿಂದ ಕರೆಂಟಿನ ದೀಪ ತರಿಸಿದಳು. ಟಿವಿ ಪಕ್ಕದ ಮೂಲೆಯ ವೈರುಗಳನ್ನೆಲ್ಲ ಒಳಗೆ ತಳ್ಳಿ, ಅಲ್ಲಿ ಬಿದ್ದಿದ್ದ ಸಾಮಾನಿನ ಮೇಲೆ ಬಿಳಿ ಪಂಚೆ ಹೊದಿಸಿ, ಫೋಟೋ ಇಟ್ಟು ದೀಪ ಹಾಕಿದಳು. ಮಣ್ಣು ಕೊಟ್ಟು ಬರುವತನಕ ಈ ದೀಪ ಆರಬಾರದು ಎಂದು ಬಂದವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದಳು.

ಹನ್ನೊಂದರ ಹೊತ್ತಿಗೆ ಮೆಲ್ಬರ್ನ್‌ನಿಂದ ಈರಯ್ಯ ಬಂದ. ಒಂದು ಕಾಲದಲ್ಲಿ ವಿರುಪಾಕ್ಷನ ಜೊತೆ ಒಂದೇ ಕೋಣೆಯಲ್ಲಿದ್ದವನು, ಈಗ ಅಲ್ಲಿಯೇ ಲೆಕ್ಕಪರಿಶೋಧಕ. ಬಂದವನೇ ಫೋಟೋ ನೋಡಿದ, ಗೋಡೆ ಹಿಡಿದು ಅತ್ತ. ಪಡಸಾಲೆ ತೆರೆಯುತ್ತಿಲ್ಲ ಎಂದು ತೇಜಸ್ವಿನಿ ಹೇಳಿದಾಗ ಮೂಗು ಒರೆಸಿಕೊಂಡು ಹಳೆಯದನ್ನೆಲ್ಲ ಹೇಳಲು ಕೂತ.

*

ಮೆಲ್ಬರ್ನ್‌ನ ಫುಟ್‌ಸ್ಕ್ರೇಯ ಆ ಮನೆಯಲ್ಲಿ ಎರಡು ಕೋಣೆ, ಐದು ಹುಡುಗರು. ವಿರುಪಾಕ್ಷ ಧಾರವಾಡದಿಂದ ಹಾರ್ಮೋನಿಯಂ ತಂದಿದ್ದ. ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವನು ಇದೇನು ಎಂದು ಕೇಳಿದ್ದಕ್ಕೆ ಅಲ್ಲೇ ಕೌಂಟರಿನ ಮೇಲಿಟ್ಟು ಎರಡು ಸಾಲು ನುಡಿಸಿ ತೋರಿಸಿದ್ದನಂತೆ. ಮನೆಯಲ್ಲಿ ಮಾತ್ರ ನುಡಿಸುವಂತಿರಲಿಲ್ಲ. ಪಕ್ಕದವರು ಗೋಡೆ ಗುದ್ದುತ್ತಿದ್ದರು. ರಜಾಯಿಯನ್ನು ಪೆಟ್ಟಿಗೆಯ ಮೇಲೂ ತನ್ನ ಮೇಲೂ ಎಳೆದುಕೊಂಡು ಒಳಗೇ ನುಡಿಸಿ, ಬೆವೆತು ಹೊರಬರುತ್ತಿದ್ದ.

ಆ ಊರಿನವರು ಬೇಡವಾದ ಸಾಮಾನನ್ನು ಮನೆಯ ಮುಂದಿನ ಫುಟ್‌ಪಾತಿನಲ್ಲಿ ಇಡುತ್ತಾರೆ, ಕೌನ್ಸಿಲ್ ಲಾರಿ ಬಂದು ಒಯ್ಯುತ್ತದೆ. ಲಾರಿಗಿಂತ ಮೊದಲು ವಿದ್ಯಾರ್ಥಿಗಳು ಹೋಗುತ್ತಾರೆ. ಇವರ ಹಾಸಿಗೆ, ಮೇಜು, ಕುರ್ಚಿ ಎಲ್ಲವೂ ಹಾಗೇ ಬಂದದ್ದು. ಅಂಥ ಒಂದು ಸಂಜೆ ವಿರುಪಾಕ್ಷನಿಗೆ ಕಪ್ಪು ಕಂಪ್ಯೂಟರ್ ಡಬ್ಬಿಯೊಂದು ಸಿಕ್ಕಿತು. ಹೆಗಲ ಮೇಲೆ ಹೊತ್ತು ತಂದು, ಒರೆಸಿ, ಬಿಚ್ಚಿ, ಕೂಡಿಸಿ, ತನ್ನ ವೆಬ್‌ಸೈಟನ್ನು ಅದರೊಳಗೇ ಇಟ್ಟ. ಪುಕ್ಕಟೆ ಜಾಗ ಕೊಡುವ ಕಂಪನಿಗಳು ಬೇಕಾದಷ್ಟಿವೆ, ಈ ಹಳೆ ಡಬ್ಬಿಯನ್ನು ಹಗಲೂ ರಾತ್ರಿ ಉರಿಸುವ ಹುಚ್ಚು ಯಾಕೆ ಎಂದು ಈರಯ್ಯ ಬೈದಿದ್ದ.

"ಬಾಡಿಗಿ ಮನ್ಯಾಗ ನಾವಿರೋದು ಸಾಕು," ಎಂದಿದ್ದ ವಿರುಪಾಕ್ಷ. "ನನ್ನ ಪಡಸಾಲಿಯಾದ್ರೂ ಸ್ವಂತದ್ದಿರಲಿ."

ಸಿಡ್ನಿಯಲ್ಲಿ ಕೆಲಸ ಸಿಕ್ಕಿದಾಗ ಬಟ್ಟೆಬರೆ ಕೊರಿಯರ್ ಹಾಕಿ, ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲು ಹತ್ತಿದ್ದ.

*

ಕತೆ ಕೇಳಿ ಎಲ್ಲರೂ ನಕ್ಕರು. ಆದರೆ ಅದೆಲ್ಲ ಎಂದಿನ ಮಾತು, ಈಗ ಯಾವುದೋ ಕಂಪನಿಯ ಕ್ಲೌಡಿನಲ್ಲೇ ಇರುತ್ತದೆ ಎಂದ ಸುಧನ್ವ. ಅಷ್ಟು ವರ್ಷ ಆ ಡಬ್ಬಿ ಬದುಕಿರುವುದುಂಟೇ ಎಂದು ಈರಯ್ಯನೂ ಒಪ್ಪಿಕೊಂಡ. ಅಷ್ಟರಲ್ಲಿ ಹೊತ್ತಾಯಿತು. ತೇಜಸ್ವಿನಿ ಕಣ್ಣೊರೆಸಿಕೊಂಡು, ಆ ಕೊಳಲನ್ನೇ ಹಾಕಲಿ ಬಿಡು ಎಂದು ಇಂಗ್ಲಿಷಿನಲ್ಲಿ ಗೊಣಗಿ ಚಪ್ಪಲಿ ಹುಡುಕತೊಡಗಿದಳು. ಒಬ್ಬೊಬ್ಬರಾಗಿ ಹೊರನಡೆದರು, ಕಾರುಗಳು ಶುರುವಾದವು.

ಕನ್ನಡಕ ಮರೆತೆ ಎಂದು ಸಂಧ್ಯಾರಾಣಿ ಒಬ್ಬಳೇ ಒಳಗೆ ಬಂದಳು.

ಗುರುವಾರದಿಂದ ಮೊದಲ ಸಲ ಮನೆ ಖಾಲಿಯಾಗಿತ್ತು. ಅಳು ಇಲ್ಲ, ಮಾತಿಲ್ಲ, ಚಹಾದ ಲೋಟದ ಸದ್ದಿಲ್ಲ. ಕನ್ನಡಕ ಕೈಗೆತ್ತಿಕೊಂಡವಳು ಹಾಗೇ ನಿಂತಳು. ಇಷ್ಟು ನಿಶ್ಶಬ್ದ ಈ ಮನೆಯಲ್ಲಿ ಎಂದೂ ಇರಲಿಲ್ಲ. ನಿದ್ದೆ ಬಾರದಂತೆ ಮಾಡಿದ್ದು, ಕೂತಲ್ಲಿ ಕೂರಗೊಡದಂತೆ ಮಾಡಿದ್ದು ದುಃಖ ಒಂದೇ ಅಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಗುಂಯ್ ಎನ್ನುವ ಆ ಹಾಳು ಸದ್ದು ನಿಂತುಹೋಗಿತ್ತು.

*

ಮದುವೆಯಾಗಿ ಬಂದಾಗಿನಿಂದ ಆ ಸದ್ದಿನ ಮೇಲೆ ಜಗಳ. ಮೂರು ಮನೆ ಬದಲಾಯಿಸಿದರೂ ಅದು ಬೆನ್ನು ಬಿಡಲಿಲ್ಲ. ಅದೇನೋ ಆಫೀಸಿನ ಮಷೀನು ಇರಬೇಕೆಂದುಕೊಂಡು ಅವಳು ಕೇಳಲೂ ಹೋಗಿರಲಿಲ್ಲ. ರಾತ್ರಿಯಾದರೂ ಬಂದ್ ಮಾಡಿ ಎಂದಷ್ಟೇ ಅನ್ನುತ್ತಿದ್ದಳು.

"ಅದು ಉಸಿರಾಡ್ತೈತಿ, ನೀ ಗೊರಕಿ ಹೊಡೀತಿ," ಎನ್ನುತ್ತಿದ್ದ ವಿರುಪಾಕ್ಷ. "ನಾ ಯಾರಿಗಾದ್ರೂ ಏನಾರ ಅಂದೀನೇನು?"

ಒಮ್ಮೆ ಅವನು ಮೆಲ್ಬರ್ನ್‌ಗೆ ಹೋಗಿದ್ದಾಗ ಗಾಳಿಮಳೆಗೆ ಇಲ್ಲಿ ಕರೆಂಟು ಹೋಗಿ ಬಂದಿತ್ತು. ತಕ್ಷಣ ಅವನ ಫೋನು. ಆ ಮಷೀನಿನ ಮುಂದಿನ ಗುಂಡನೆಯ ಬಟನ್ ಒತ್ತು, ಹಸಿರು ದೀಪ ಮಿಣುಕುವತನಕ ಅಲ್ಲೇ ನಿಲ್ಲು, ಎದ್ದು ಕೂರಲು ಅದಕ್ಕೆ ಹೊತ್ತು ಹಿಡಿಯುತ್ತದೆ ಎಂದು ಹೇಳಿಸಿ ಮಾಡಿಸಿದ್ದ. ಹೆಂಡತಿ ಹೇಗಿದ್ದಾಳೆ ಎಂದು ಕೇಳಲು ಮರೆತಿದ್ದ. ಅದಕ್ಕೂ ಒಂದು ಜಗಳವಾಗಿತ್ತು.

*

ಹೊರಗೆ ಹಾರ್ನ್ ಕೇಳಿಸಿತು. ಸಂಧ್ಯಾರಾಣಿ ನೆಲದ ಮೇಲೆ ಕೂತು ಬಿಳಿ ಪಂಚೆ ಸರಿಸಿದಳು. ಈರಯ್ಯ ಹೇಳಿದ ಕಪ್ಪು ಡಬ್ಬಿ ಅಲ್ಲೇ ಇತ್ತು, ಮೂಲೆ ಕೆತ್ತಿಹೋಗಿತ್ತು. ಅದರ ವೈರು ಅಂಗಾತ ಬಿದ್ದಿತ್ತು. ಅದು ಇರಬೇಕಾದ ಜಾಗದಲ್ಲಿ ಚನ್ನಕ್ಕನ ದೀಪದ ಪ್ಲಗ್ಗು ಕೂತಿತ್ತು.

ಬೇರೆ ಜಾಗ ಹುಡುಕುವ ವ್ಯವಧಾನ ಅವಳಿಗಿರಲಿಲ್ಲ. ದೀಪದ ಪ್ಲಗ್ಗು ಕಿತ್ತಳು. ಡಬ್ಬಿಯ ವೈರು ಚುಚ್ಚಿ, ಗೋಡೆಯ ಸ್ವಿಚ್ ಹಾಕಿ, ಗುಂಡನೆಯ ಬಟನ್ ಒತ್ತಿದಳು. ಮೊದಲು ಏನೂ ಆಗಲಿಲ್ಲ. ಏಳು ಮಾರಾಯ ಎಂದು ಬೈದಳು. ಒಳಗೆ ಏನೋ ಕಟಕಟ ಎಂದಿತು, ಆಮೇಲೆ ಮೆಲ್ಲಗೆ ಗುಂಯ್ ಎಂದಿತು.

ಕಾರಿನಲ್ಲಿ ಮಗಳಿಗೆ, ನೋಡ್ತಾ ಇರು, ಬರ್ತೈತಿ ಎಂದಷ್ಟೇ ಹೇಳಿದಳು. ಮುಂದಿನ ಸೀಟಿನಿಂದ ಚನ್ನಕ್ಕ ತಿರುಗಿದಳು.

"ದೀಪ ನೋಡಿ ಬಂದಿ ಹೌದಿಲ್ಲೋ? ಉರಿಯಾಕತ್ತೈತಿಲ್ಲೊ?"

"ಉರಿಯಾಕತ್ತೈತಿ," ಎಂದು ಸಂಧ್ಯಾರಾಣಿ ಕಿಟಕಿಯ ಹೊರಗೆ ನೋಡಿದಳು.

ಚಾಪೆಲ್‌ನಲ್ಲಿ ಶವಪೆಟ್ಟಿಗೆಯ ಮೇಲೆ ಬಿಲ್ವಪತ್ರೆ ಬದಲು ಯಾರದೋ ಹಿತ್ತಲ ನಿಂಬೆ ಎಲೆ, ಬಿಳಿ ಹೂ. ಈರಯ್ಯ ಮಾತಾಡಿದ, ಸುಧನ್ವ ಮಾತಾಡಿದ. ತೇಜಸ್ವಿನಿ ಮಡಿಲಲ್ಲಿ ಫೋನು ಹಿಡಿದು ಒತ್ತುತ್ತಲೇ ಇದ್ದಳು. ಚಕ್ರ ಸುತ್ತಿತು, ನಿಂತಿತು, ಸುತ್ತಿತು. ಚಾಪೆಲ್‌ನ ಹೆಂಗಸು ಬದಿಯಿಂದ ಬಗ್ಗಿ, ಕೊಳಲು ಹಾಕಲೇ ಎಂದು ಕಣ್ಣಲ್ಲೇ ಕೇಳಿದಳು. ಸಂಧ್ಯಾರಾಣಿ ಬೇಡವೆಂದು ಕೈ ಅಡ್ಡ ಮಾಡಿದಳು. ಎಲ್ಲರೂ ಕಾದರು. ಯಾರೋ ಕೆಮ್ಮಿದರು, ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಅಷ್ಟರಲ್ಲಿ ಮಗಳ ಕೈಯಲ್ಲಿ ಪುಟ ತೆರೆಯಿತು. ಅವಳು ಎದ್ದು ಓಡಿಹೋಗಿ ಆ ಹೆಂಗಸಿಗೆ ಫೋನು ಕೊಟ್ಟಳು.

ಮೊದಲು ಹಾರ್ಮೋನಿಯಂ ತಿದಿಯ ಉಸಿರು ಕೇಳಿಸಿತು, ಒಂದು ಸಡಿಲ ಸ್ವರಪಟ್ಟಿಯ ಟಕ್ ಸದ್ದು. ಆಮೇಲೆ ಭೀಮಪಲಾಸ್, ನಿಧಾನವಾಗಿ, ಒಂದು ಕಡೆ ಬೆರಳು ತಪ್ಪಿ, ಮತ್ತೆ ಹಿಂದೆ ಹೋಗಿ ಸರಿಮಾಡಿಕೊಂಡು. ಜನ ತಲೆ ತಗ್ಗಿಸಿದರು. ಎರಡನೇ ಸುತ್ತಿಗೆ ಬರುವಾಗ, ಎಲ್ಲೋ ದೂರದ ಅಡುಗೆಮನೆಯಿಂದ ಒಂದು ಹೆಣ್ಣುದನಿ ಚಾಪೆಲ್‌ನ ತುಂಬ ಮೊಳಗಿತು.

"ರೀ, ಎಷ್ಟ ಸಲ ಕರೀಬೇಕು? ಅನ್ನ ಆರಿ ಅಕ್ಷತಿ ಆಗೈತಿ."

ಯಾರೋ ತಡೆಯಲಾರದೆ ನಕ್ಕುಬಿಟ್ಟರು. ಸಾಲುಸಾಲಾಗಿ ನಗು ಹಬ್ಬಿತು. ಸಂಧ್ಯಾರಾಣಿಯ ಮುಖ ಕೆಂಪೇರಿತು. ತೆಗೆದೇನಿ ಅಂತ ಸುಳ್ಳ ಹೇಳಿದ ಎಂದು ಮಗಳ ಕೈಯನ್ನು ನೋಯುವಂತೆ ಹಿಚುಕಿದಳು. ಅವಳಿಗೆ ಗಂಡನ ಮೇಲೆ ನಿಜವಾಗಿಯೂ ಸಿಟ್ಟು ಬಂದಿತ್ತು. ಆಗ ಮೈಕಿನ ತೀರ ಹತ್ತಿರದಿಂದ ವಿರುಪಾಕ್ಷನ ದನಿ ಬಂತು.

"ಬಂದೆ, ಬಂದೆ. ಇದೊಂದು ಮುಗಿಸಿ ಬಂದೆ."

ನಗು ಅಲ್ಲೇ ನಿಂತಿತು. ಅವನು ನುಡಿಸುತ್ತಲೇ ಹೋದ. ಸಂಧ್ಯಾರಾಣಿ ಗುರುವಾರದಿಂದ ಮೊದಲ ಸಲ ಬಾಯಿಬಿಟ್ಟು ಅತ್ತಳು.

ಮಣ್ಣು ಕೊಟ್ಟು ಮನೆಗೆ ಬಂದಾಗ ಐದು ದಾಟಿತ್ತು. ಎಲ್ಲರಿಗಿಂತ ಮುಂದೆ ಒಳಗೆ ಬಂದ ಚನ್ನಕ್ಕ ಫೋಟೋದ ಮುಂದೆ ಗಕ್ಕನೆ ನಿಂತಳು. ದೀಪ ಆರಿತ್ತು. ಅದರ ವೈರು ಬದಿಗೆ ಬಿದ್ದಿತ್ತು. ಬಗ್ಗಿ ಗೋಡೆಯಲ್ಲಿದ್ದ ಪ್ಲಗ್ಗಿಗೆ ಕೈ ಹಾಕಿದವಳು ಸರಿದಿದ್ದ ಪಂಚೆಯ ಕೆಳಗೆ ಗುಂಯ್ ಎನ್ನುತ್ತಿದ್ದ ಡಬ್ಬಿಯನ್ನು ನೋಡಿದಳು, ತಿರುಗಿ ಬಾಗಿಲಲ್ಲಿ ನಿಂತ ಸಂಧ್ಯಾರಾಣಿಯನ್ನು ನೋಡಿದಳು. ಚನ್ನಕ್ಕ ಪ್ಲಗ್ಗಿನಿಂದ ಕೈ ತೆಗೆದಳು. ಮೊಣಕಾಲೂರಿ ಕೂತು, ವಿಭೂತಿ ಕರಡಿಗೆ ತೆರೆದು, ಮಿಣುಕುತ್ತಿದ್ದ ಹಸಿರು ದೀಪದ ಮೇಲೆ, ಆ ಕಪ್ಪು ತಗಡಿಗೆ, ಮೂರು ಬೆರಳು ಎಳೆದಳು.